ಕೌನ್ಸೆಲಿಂಗ್‌ಗೆ ಹೋಗಲು ಹೆದರಿಕೆಯಾ? ಮೊದಲ ದಿನವೇ ಎಲ್ಲ ಹೇಳಬೇಕಾಗಿಲ್ಲ

[ನಿರೂಪಕಿ ಕ್ಯಾಮೆರಾ ಎದುರು]

ನಮಸ್ಕಾರ. ಮನೆಯಲ್ಲೋ ಕೆಲಸದ ಜಾಗದಲ್ಲೋ ದೌರ್ಜನ್ಯ ಅನುಭವಿಸಿದವರಿಗಾಗಿ ಈ ವಿಡಿಯೋ. ಕೌನ್ಸೆಲಿಂಗ್ ಬೇಕು ಅಂತ ನಿಮಗೆ ಗೊತ್ತಿದೆ. ಹೋಗಲು ಮಾತ್ರ ಧೈರ್ಯ ಬರುತ್ತಿಲ್ಲ, ಅಲ್ವಾ?

ಈ ಹೆದರಿಕೆ ಸುಮ್ನೆ ಬಂದದ್ದಲ್ಲ. ನಂಬಿದವರೇ ನೋಯಿಸಿದ್ದಾರೆ. ಈಗ ಗುರುತಿಲ್ಲದವರ ಎದುರು, ಬಾಗಿಲು ಹಾಕಿದ ಕೋಣೆಯಲ್ಲಿ ಕೂರಬೇಕು ಅಂದರೆ ಮೈ ಒಪ್ಪುವುದಿಲ್ಲ.

"ಆದದ್ದನ್ನೆಲ್ಲ ಮೊದಲ ದಿನವೇ ಹೇಳಬೇಕಾ?" ತುಂಬಾ ಜನರನ್ನು ತಡೆಯುವ ಪ್ರಶ್ನೆ ಇದು. ಹೇಳಬೇಕಾಗಿಲ್ಲ. ಮೊದಲ ಭೇಟಿಯಲ್ಲಿ ಸಾಮಾನ್ಯವಾಗಿ ನಿದ್ದೆ ಬರುತ್ತದಾ, ಊಟ ಸೇರುತ್ತದಾ, ಈಗ ಇರುವ ಜಾಗ ಸುರಕ್ಷಿತವಾ ಅಂತ ಕೇಳುತ್ತಾರೆ. ಭಯ ಉಕ್ಕಿ ಬಂದಾಗ ಉಸಿರನ್ನು ಹಿಡಿತಕ್ಕೆ ತರುವುದನ್ನು ಕಲಿಸುತ್ತಾರೆ. ನಡೆದದ್ದರ ಮಾತು ಆಮೇಲೆ, ನೀವು ತಯಾರಾದಾಗ. "ಅದು ಇವತ್ತು ಬೇಡ" ಅನ್ನಬಹುದು. ಬಾಗಿಲ ಹತ್ತಿರದ ಕುರ್ಚಿ ಕೇಳಬಹುದು. ಕೌನ್ಸೆಲರ್ ಹೆಂಗಸೇ ಆಗಬೇಕು ಅನ್ನಬಹುದು. ನಿಮ್ಮ "ಬೇಡ"ಕ್ಕೆ ಒಮ್ಮೆ ಬೆಲೆ ಸಿಗಲಿಲ್ಲ. ಇಲ್ಲಿ ಸಿಗಲೇಬೇಕು. ಒತ್ತಾಯ ಮಾಡುವವರಾದರೆ ಅವರನ್ನು ಬಿಟ್ಟು ಬೇರೆಯವರನ್ನು ಹುಡುಕಿ.

[ತೆರೆಯಲ್ಲಿ: ಕಾಸರಗೋಡು ಜಿಲ್ಲೆಯ ನಕ್ಷೆ]

ನಮ್ಮ ಕಡೆ, ಅಂದರೆ ಕೇರಳದ ಕಾಸರಗೋಡಿನಲ್ಲಿ, ಇನ್ನೊಂದು ತೊಡಕಿದೆ, ಭಾಷೆಯದ್ದು. ಕುಂಬಳೆ, ಬದಿಯಡ್ಕ, ಮಂಜೇಶ್ವರದ ಎಷ್ಟೋ ಮನೆಗಳಲ್ಲಿ ತುಳು ಅಥವಾ ಹವ್ಯಕ ಕನ್ನಡ. ಶಾಲೆಯಲ್ಲಿ ಕನ್ನಡ, ಆಸ್ಪತ್ರೆಯ ಕೌಂಟರಿನಲ್ಲಿ ಮಲಯಾಳ. ರೇಷನ್ ಕಾರ್ಡ್ ಸರಿಮಾಡಿಸಲು ಬರುವ ಮಲಯಾಳ, ಅಳು ಬಂದಾಗ ಬಾಯಿಗೆ ಬರುವುದಿಲ್ಲ. ಅದಕ್ಕೇ ಸಮಯ ಗೊತ್ತು ಮಾಡುವಾಗಲೇ "ಕನ್ನಡದಲ್ಲಿ ಮಾತಾಡಬಹುದಾ, ತುಳು ಅರ್ಥ ಆಗುತ್ತದಾ" ಅಂತ ಕೇಳಿ. ಇದು ನಿಮ್ಮ ಅಗತ್ಯ, ಸಂಕೋಚ ಬೇಡ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್. ಅಲ್ಲಿ ಎರಡೂ ಭಾಷೆ ನಡೆಯುತ್ತದೆ. ಕಾಯುವ ಬೆಂಚಿನಲ್ಲಿ "ನೀನು ಇಂಥವರ ಮಗಳಲ್ವಾ?" ಅಂತ ಯಾರಾದರೂ ಕೇಳುವ ಭಯವೂ ಕಡಿಮೆ.

ಅಷ್ಟು ದೂರ ಆಗದಿದ್ದರೆ ಫೋನಿನಿಂದ ಶುರು ಮಾಡಿ. 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಆರಂಭಿಸಿತು. ನಂಬರ್ 14416. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಭಾಷೆ ಆಯ್ದುಕೊಳ್ಳಬಹುದು. ಏನು ಹೇಳುವುದು ಅಂತ ತೋಚದಿದ್ದರೆ ಇಷ್ಟು ಬರೆದಿಟ್ಟುಕೊಂಡು ಓದಿ: "ಹಿಂದೆ ಆದ ಒಂದು ವಿಷಯ ನನ್ನನ್ನು ಕಾಡುತ್ತಿದೆ. ವಿವರ ಈಗ ಹೇಳುವುದಿಲ್ಲ. ಮುಂದೇನು ಮಾಡಬಹುದು?"

ಮನೆಯವರಿಗೆ ಗೊತ್ತಾದರೆ? 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿಷಯ ಗುಟ್ಟಾಗಿಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಜೀವಕ್ಕೆ ಅಪಾಯ ಇದ್ದಾಗ, ಕೋರ್ಟು ಕೇಳಿದಾಗ, ಹೀಗೆ ಕೆಲವು ವಿನಾಯಿತಿಗಳಿವೆ. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದರೆ ಪೋಕ್ಸೋ ಕಾಯ್ದೆಯಂತೆ ಪೊಲೀಸರಿಗೆ ತಿಳಿಸಲೇಬೇಕು. ಇದನ್ನು ಮೊದಲೇ ತಿಳಿದಿರುವುದು ಒಳ್ಳೆಯದು. ಗುಟ್ಟಿನ ಮಿತಿ ಎಲ್ಲಿಯವರೆಗೆ ಅಂತ ಮೊದಲ ಭೇಟಿಯಲ್ಲೇ ಕೇಳಿಬಿಡಿ.

[ತೆರೆಯಲ್ಲಿ: 112, 181, 1098]

ಹಿಂಸೆ ಈಗಲೂ ನಡೆಯುತ್ತಿದ್ದರೆ ಕೌನ್ಸೆಲಿಂಗ್‌ಗೆ ಕಾಯಬೇಡಿ. ತುರ್ತಿಗೆ 112, ಮಹಿಳೆಯರಿಗೆ 181, ಮಕ್ಕಳಿಗೆ 1098. ನಿಮ್ಮ ಫೋನನ್ನು ಬೇರೆಯವರು ನೋಡುತ್ತಾರಾದರೆ, ನಂಬುವ ಗೆಳತಿಯ ಫೋನಿನಿಂದ ಕರೆ ಮಾಡಿ.