ಸೆರಗಿನ ಗಂಟಿನೊಳಗಿನ ಪುಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಗಲಕೋಟೆ ಜಿಲ್ಲೆಯ ಒಂದು ಊರು, ಹೆಸರು ಬೇಡ. ಅಲ್ಲಿಂದ ನನ್ನ ದವಾಖಾನೆಗೆ ಬಂದಿದ್ದ ತಾಯಿಯೊಬ್ಬರು ಇಳಕಲ್ ಸೀರೆಯ ಸೆರಗಿನ ಗಂಟು ಬಿಚ್ಚಿ, ಹಳೇ ಪೇಪರಿನ ಪುಡಿಕೆಯೊಂದನ್ನು ಮೇಜಿನ ಮೇಲಿಟ್ಟರು. "ಜಾತ್ರ್ಯಾಗ ಕೊಟ್ಟಾರ್ರಿ. ಗೊತ್ತಾಗದಂಗ ಪಲ್ಲೆದಾಗ ಕಲಸಿ ಹಾಕವ್ವ, ಒಂಬತ್ತು ದಿನಕ್ಕ ಯಜಮಾನ್ರು ಕುಡ್ಯೂದು ಬಿಡ್ತಾರ ಅಂದಾರ್ರಿ. ಹಾಕ್ಲೇನ್ರಿ?"

ಮೂಗಿಗೆ ಹಿಡಿದರೆ ಮೆಂತ್ಯದಂಥ ವಾಸನೆ. ಮತ್ತೇನೇನು ಬೆರೆತಿದೆಯೋ ನನಗೆ ತಿಳಿಯಲಿಲ್ಲ. ಮಾರಿದವನಿಗೂ ತಿಳಿದಿರಲಿಕ್ಕಿಲ್ಲ.

ಗಿಡಮೂಲಿಕೆಯಿಂದ ಕುಡಿತ ಕಡಿಮೆಯಾದೀತು ಅನ್ನುವುದು ಪೂರಾ ಸುಳ್ಳೇನಲ್ಲ. ಕುಡ್ಜು ಅಂತ ಒಂದು ಬಳ್ಳಿ ಇದೆ, ಚೀನಾ, ಜಪಾನ್ ಕಡೆಯದು. ಅದರಲ್ಲಿರುವ ಡೈಡ್‌ಜಿನ್ ಎಂಬ ಅಂಶವನ್ನು 1993ರಲ್ಲಿ ಹ್ಯಾಮ್‌ಸ್ಟರ್ ಎಂಬ ಇಲಿಯಂಥ ಪ್ರಾಣಿಗಳಿಗೆ ಕೊಟ್ಟಾಗ ಅವು ಮದ್ಯ ಕುಡಿಯುವುದು ಕಡಿಮೆಯಾಯಿತು. 2005ರಲ್ಲಿ ಅಮೆರಿಕದ ಮೆಕ್ಲೀನ್ ಆಸ್ಪತ್ರೆಯವರು ಮನೆಯಂತೆಯೇ ಒಂದು ಕೋಣೆ ಸಿಂಗರಿಸಿ, ಟಿವಿ ಇಟ್ಟು, ಫ್ರಿಜ್‌ನಲ್ಲಿ ಬಿಯರ್ ತುಂಬಿಸಿ 14 ಜನರ ಮೇಲೆ ಪರೀಕ್ಷೆ ಮಾಡಿದರು. ಔಷಧವಿಲ್ಲದ ಬರೀ ಮಾತ್ರೆ ನುಂಗಿದಾಗ ಒಂದೂವರೆ ತಾಸಿನಲ್ಲಿ ಸರಾಸರಿ ಮೂರೂವರೆ ಬಿಯರ್ ಕುಡಿದವರು, ಕುಡ್ಜು ಸಾರ ತಗೊಂಡಾಗ ಎರಡನ್ನೂ ಮುಗಿಸಲಿಲ್ಲ. ಗುಟುಕು ಸಣ್ಣದಾಯಿತು, ಹೊತ್ತು ಹಿಡಿಯಿತು. ಆದರೆ ಕುಡಿಯಬೇಕೆಂಬ ಆಸೆ? ಅದು ಇದ್ದಷ್ಟೇ ಇತ್ತು! ನಮ್ಮ ವಿದಾರಿಕಂದ ಕುಡ್ಜುವಿನ ಕುಲದ್ದೇ, ಆದರೆ ಅಣ್ಣನ ಗುಣ ತಮ್ಮನಲ್ಲೂ ಇರುತ್ತದೆಂದು ಜಾಮೀನು ಕೊಡುವವರು ಯಾರು?

ಗಿಡದ ಔಷಧವೇ ಬೇಕೆನ್ನುವವರಿಗೆ ಇನ್ನೊಂದು ಮಾತು. ಕುಡಿಯುವ ಬಯಕೆ ತಗ್ಗಿಸಲು ನಾವು ಬರೆದುಕೊಡುವ ನಾಲ್ಟ್ರೆಕ್ಸೋನ್ ಮಾತ್ರೆಯ ಮೂಲ ಗಸಗಸೆ ಗಿಡದಲ್ಲಿದೆ. ಅದರ ಥೀಬೈನ್ ಅಂಶದಿಂದ ಕಾರ್ಖಾನೆಯಲ್ಲಿ ತಯಾರಾಗುತ್ತದೆ. 1994ರಲ್ಲಿ ಅಮೆರಿಕ ಇದನ್ನು ಕುಡಿತದ ಚಿಕಿತ್ಸೆಗೆ ಒಪ್ಪಿತು. ಅದಕ್ಕೆಂದು ಗಸಗಸೆ ಪಾಯಸ ಕುಡಿಸಬೇಡಿ, ನಿದ್ದೆ ಬಂದೀತು ಅಷ್ಟೇ.

ನನಗೆ ಹೆದರಿಕೆ ಇರುವುದು 'ಗೊತ್ತಾಗದಂಗ' ಎಂಬ ಆ ಒಂದು ಮಾತಿನ ಬಗ್ಗೆ. 1948ರಿಂದ ಬಳಕೆಗೆ ಬಂದ ಡೈಸಲ್ಫಿರಾಮ್ ಎಂಬ ಮಾತ್ರೆ ಇದೆ. ಅದನ್ನು ತಗೊಂಡವನು ಕುಡಿದರೆ ಮೈಯಲ್ಲಿ ಅಸಿಟಾಲ್ಡಿಹೈಡ್ ಎಂಬ ವಿಷ ಕರಗದೆ ನಿಂತುಬಿಡುತ್ತದೆ. ಮುಖ ಕೆಂಪೇರಿ, ವಾಂತಿಯಾಗಿ, ಎದೆ ಡವಗುಟ್ಟಿ, ಬಿಪಿ ಕುಸಿಯುತ್ತದೆ. ಗೊತ್ತಿದ್ದವನು ಆ ಭಯಕ್ಕೇ ಬಾಟಲಿ ಮುಟ್ಟುವುದಿಲ್ಲ. ಗೊತ್ತಿಲ್ಲದವನು ಎಂದಿನಂತೆ ಕುಡಿಯುತ್ತಾನೆ, ಜೀವಕ್ಕೇ ಬಂದೀತು. ಊರ ಪುಡಿಯಲ್ಲಿ ಯಾರು ಏನು ಬೆರೆಸಿದ್ದಾರೋ!

ಇನ್ನು ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ಬಿಟ್ಟರೆ? ಮೊದಲ ದಿನವೇ ಕೈ ನಡುಗುತ್ತದೆ, ಫಿಟ್ಸ್ ಬರಬಹುದು. ಎರಡು ಮೂರು ದಿನಕ್ಕೆ ಕೆಲವರಿಗೆ ಇಲ್ಲದ್ದು ಕಾಣುತ್ತದೆ, ಗೋಡೆಯ ಮೇಲೆ ಹುಳ ಹರಿಯುತ್ತವೆ. ಮನೆಯವರು ದೆವ್ವ ಬಡಿದಿದೆ ಅಂತ ತಾಯತ ಕಟ್ಟಿಸಲು ಓಡುತ್ತಾರೆ. ಆ ಹೊತ್ತಿನಲ್ಲಿ ಬೇಕಾದದ್ದು ಆಸ್ಪತ್ರೆ. "ಒಂದ್ ಗ್ಲುಕೋಸ್ ಬಾಟ್ಲಿ ಹಚ್ರಿ ಸಾಕು" ಅನ್ನಬೇಡಿ. ಗ್ಲುಕೋಸಿಗಿಂತ ಮೊದಲು ಬಿ-1 ವಿಟಮಿನ್ ಸೂಜಿ ಬೇಕು, ಇಲ್ಲದಿದ್ದರೆ ಮೆದುಳಿಗೆ ಪೆಟ್ಟಾಗಬಹುದು.

ಇಳಕಲ್ಲಿನ ಮಠದ ಸ್ವಾಮಿಗಳಾದ ಮಹಾಂತಪ್ಪಗಳು 1975ರಲ್ಲಿ ಜೋಳಿಗೆ ಹಿಡಿದು ಹೊರಟರಲ್ಲ, ಅವರು ಬೇಡಿದ್ದು ದುಡ್ಡನ್ನಲ್ಲ, ದುಶ್ಚಟಗಳನ್ನು. ಕುಡಿಯುವವನ ಎದುರಿಗೇ ನಿಂತು ಬೇಡಿದರು, ಅವನ ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಲಿಲ್ಲ. ಅವರು ಹುಟ್ಟಿದ ಆಗಸ್ಟ್ 1ನ್ನೇ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತದೆ. ಸ್ವಾಮಿಗಳಿಗೆ ಗೊತ್ತಿದ್ದದ್ದು ನಮ್ಮ ಪುಡಿ ಮಾರುವವರಿಗೆ ಗೊತ್ತಿಲ್ಲ.

ಮನೆಯಲ್ಲಿ ಇಂಥ ತೊಂದರೆ ಇದ್ದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ-ಮನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಆ ತಾಯಿಗೆ, ಯಜಮಾನರನ್ನೇ ಕರಕೊಂಡು ಬಾರವ್ವ ಅಂದೆ. ಮರುವಾರ ಬಂದರು. ಆತ ಬೆಂಚಿನ ತುದಿಗೆ ಕೂತ, ಚಹಾದ ಕಪ್ಪು ಬಸಿಯ ಮೇಲೆ ಗಿಟಿಗಿಟಿ ಅನ್ನುತ್ತಿತ್ತು. ಪುಡಿಯ ವಿಷಯ ಆಕೆಯೇ ಹೇಳಿದಳು. ಆತ ಹೆಂಡತಿಯ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಅದಕ್ಕ ಏನ, ಎಂಟ್ ದಿನದಿಂದ ಬರೇ ಹಾಗಲಕಾಯಿ ಪಲ್ಲೆ ಮಾಡಾಕತ್ತಿದ್ದಿ?" ಅಂದ.