ಪುಟ್ಟ ರೈಲಿನ ಅಳತೆಯ ಲೆಕ್ಕ

ಆತ್ಮೀಯ ಶ್ರೋತೃಗಳೇ, ನಮಸ್ಕಾರ.

ಹುಬ್ಬಳ್ಳಿಯ ಶ್ರೀ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದ ಪ್ಲಾಟ್‌ಫಾರ್ಮ್ 1,507 ಮೀಟರ್ ಉದ್ದವಿದೆ. ಅದನ್ನು ಮನೆಯೊಳಗೆ ಮಾದರಿಯಾಗಿ ಕಟ್ಟಲು ಎಷ್ಟು ಜಾಗ ಬೇಕಾದೀತು? ಮಾದರಿ ರೈಲುಗಳಿಗೆ ಬಳಸುವ ‘ಎಚ್‌ಓ’ ಅಳತೆಯಲ್ಲಿ ಕಟ್ಟಿದರೆ ಸುಮಾರು 17 ಮೀಟರ್, ‘ಎನ್’ ಅಳತೆಯಲ್ಲಿ ಒಂಬತ್ತೂವರೆ, ‘ಝಡ್’ ಅಳತೆಯಲ್ಲಿ ಏಳಕ್ಕೆ ತುಸು ಕಡಿಮೆ. ಎಚ್‌ಓ ಅಂದರೆ ನಿಜವಾದ ವಸ್ತುವಿನ 87ನೇ ಒಂದು ಭಾಗ, ಎನ್ ಅಂದರೆ 160ನೇ ಒಂದು ಭಾಗ, ಝಡ್ ಅಂದರೆ 220ನೇ ಒಂದು ಭಾಗ. ಸಂಖ್ಯೆ ದೊಡ್ಡದಾದಷ್ಟೂ ರೈಲು ಚಿಕ್ಕದಾಗುತ್ತದೆ. ಹೊಸಬರು ಮೊದಲು ತಬ್ಬಿಬ್ಬಾಗುವುದು ಇಲ್ಲಿಯೇ. ಇಂದಿನ ಇಪ್ಪತ್ಮೂರೂವರೆ ಮೀಟರಿನ ಎಲ್‌ಎಚ್‌ಬಿ ಎಂಬ ಹೊಸ ವಿನ್ಯಾಸದ ಪ್ರಯಾಣಿಕರ ಬೋಗಿ ಎಚ್‌ಓದಲ್ಲಿ 27 ಸೆಂಟಿಮೀಟರ್ ಆಗುತ್ತದೆ. ಎನ್‌ನಲ್ಲಿ 15ಕ್ಕೂ ಕಡಿಮೆ.

ಈ ಅನುಪಾತಕ್ಕೆ ಸ್ಕೇಲ್ ಎನ್ನುತ್ತಾರೆ. ಎರಡು ಹಳಿಗಳ ನಡುವಿನ ಅಂತರಕ್ಕೆ ಗೇಜ್ ಎನ್ನುತ್ತಾರೆ. ಇವೆರಡೂ ಬೇರೆ ಬೇರೆ ಎಂಬುದನ್ನು ಮನದಟ್ಟು ಮಾಡಿಕೊಳ್ಳದೆ ಹಣ ಹಾಕಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಬ್ರಿಟನ್ನಿನಲ್ಲಿ ಜನಪ್ರಿಯವಾದ ‘ಓಓ’ ಮಾದರಿಗಳು 76ನೇ ಒಂದು ಭಾಗದವು. ಆದರೂ ಅವು ಓಡುವುದು ಎಚ್‌ಓಗೆ ಮೀಸಲಾದ 16.5 ಮಿಲಿಮೀಟರ್ ಹಳಿಯ ಮೇಲೆಯೇ. ಎರಡೂ ಒಂದೇ ಹಳಿಯಲ್ಲಿ ಸರಾಗವಾಗಿ ಓಡುತ್ತವೆ, ಆದರೆ ಅಕ್ಕಪಕ್ಕ ನಿಲ್ಲಿಸಿದಾಗ ಒಂದರ ಕಿಟಕಿ, ಬಾಗಿಲು ಇನ್ನೊಂದರದಕ್ಕಿಂತ ದೊಡ್ಡದಾಗಿ ಕಾಣುತ್ತವೆ.

ನಮ್ಮ ನಾಡಿನ ರೈಲನ್ನು ಮಾದರಿಯಾಗಿಸಲು ಹೊರಟವರಿಗೆ ಈ ವ್ಯತ್ಯಾಸ ಇನ್ನೂ ಆಳವಾಗಿ ತಟ್ಟುತ್ತದೆ. 16.5 ಮಿಲಿಮೀಟರನ್ನು 87ರಿಂದ ಗುಣಿಸಿದರೆ ಬರುವುದು 1,435 ಮಿಲಿಮೀಟರ್. ಅದು ಯುರೋಪ್, ಅಮೆರಿಕಗಳಲ್ಲಿ ರೂಢಿಯಲ್ಲಿರುವ ಗೇಜ್. ನಮ್ಮ ಬ್ರಾಡ್ ಗೇಜ್ 1,676 ಮಿಲಿಮೀಟರ್ ಅಗಲವಿರುವುದರಿಂದ, ಎಚ್‌ಓ ಅನುಪಾತಕ್ಕೆ ಕಟ್ಟಿದ ಭಾರತೀಯ ಇಂಜಿನ್ನಿಗೆ 19 ಮಿಲಿಮೀಟರಿಗೂ ಅಗಲವಾದ ಹಳಿ ಬೇಕು. ಸಿದ್ಧ ಹಳಿಯ ಮೇಲೆ ಇಟ್ಟಾಗ ಅದರ ಗಾಲಿಗಳು ಒಳಕ್ಕೆ ಸರಿದಂತೆ ಕಾಣುವುದಕ್ಕೆ ಕಾರಣವಿಷ್ಟೇ. ಬಹುತೇಕ ಹವ್ಯಾಸಿಗಳು ಇದನ್ನು ಒಪ್ಪಿಕೊಂಡು ಮುಂದೆ ಸಾಗುತ್ತಾರೆ. ಮೊದಲ ರೈಲಿಗೆ ನಾನೂ ಅದನ್ನೇ ಹೇಳುತ್ತೇನೆ.

ಆದರೆ ಹುಬ್ಬಳ್ಳಿ–ಗದಗ ಮಾರ್ಗ ಮೀಟರ್ ಗೇಜ್ ಆಗಿದ್ದ ದಿನಗಳನ್ನು ಕಂಡ ಹಿರಿಯರು ನಮ್ಮ ನಡುವೆ ಇದ್ದಾರೆ. ಅವರ ನೆನಪಿನ ಗಾಡಿಯನ್ನು ಕಟ್ಟಬಯಸುವವರಿಗೆ ಲೆಕ್ಕ ಅನುಕೂಲವಾಗಿಯೇ ಒದಗುತ್ತದೆ. ಎಚ್‌ಓ ಅನುಪಾತದಲ್ಲಿ ಒಂದು ಮೀಟರ್ ಹನ್ನೊಂದೂವರೆ ಮಿಲಿಮೀಟರ್ ಆಗುವುದರಿಂದ, ಮಾರುಕಟ್ಟೆಯ 12 ಮಿಲಿಮೀಟರ್ ಹಳಿ ಅದಕ್ಕೆ ಬಹಳ ಹತ್ತಿರ. ಹಿತ್ತಿಲಲ್ಲಿ ಜಾಗವಿದ್ದರೆ ‘ಜಿ’ ಅಳತೆ ಇನ್ನೂ ಸೊಗಸು: 22.5ನೇ ಒಂದು ಭಾಗ, 45 ಮಿಲಿಮೀಟರ್ ಹಳಿ. ಗುಣಿಸಿ ನೋಡಿದರೆ 1,012 ಮಿಲಿಮೀಟರ್, ಹೆಚ್ಚುಕಡಿಮೆ ಸರಿಯಾಗಿ ಮೀಟರ್ ಗೇಜ್.

ನಮಸ್ಕಾರ.