ಒಂದೇ ನೀರು, ಎರಡು ಗಾಳ: ಸ್ಪಿನ್ನಿ ಮೌಂಟನ್ ಜಲಾಶಯದ ಟ್ರೌಟ್ ಮತ್ತು ಪೈಕ್
ಕೇಳುಗರಿಗೆ ನಮಸ್ಕಾರ.

ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ ಸೌತ್ ಪಾರ್ಕ್ ಅಂತ ಒಂದು ಎತ್ತರದ ಹುಲ್ಲುಗಾವಲು. ಸುತ್ತ ಬೆಟ್ಟ, ನಡುವೆ ಮರವಿಲ್ಲದ ಬಯಲು. ಸೌತ್ ಪ್ಲಾಟ್ ನದಿಗೆ ಅಲ್ಲಿ ಕಟ್ಟೆ ಕಟ್ಟಿ ಮಾಡಿದ ಸ್ಪಿನ್ನಿ ಮೌಂಟನ್ ಜಲಾಶಯ ಸಮುದ್ರಮಟ್ಟಕ್ಕಿಂತ ಸುಮಾರು 8,700 ಅಡಿ ಮೇಲಿದೆ. ಡೆನ್ವರ್ ಕಡೆ ನೆಲೆಸಿರುವ ಕನ್ನಡಿಗರಿಗೆ ಹೆಚ್ಚುಕಡಿಮೆ ಎರಡು ಗಂಟೆಯ ದಾರಿ. ಇಲ್ಲಿ ತಣ್ಣೀರಿನ ಮೀನು ಟ್ರೌಟ್ ಇದೆ, ಟ್ರೌಟನ್ನೇ ನುಂಗುವ ಚೂಪು ಹಲ್ಲಿನ ಮೀನು ನಾರ್ದರ್ನ್ ಪೈಕ್ ಕೂಡ ಇದೆ. ಒಂದೇ ಗಾಳದಲ್ಲಿ ಎರಡನ್ನೂ ಹಿಡಿಯಲು ಹೋದವರಿಗೆ ಒಂದೂ ಸರಿಯಾಗಿ ದಕ್ಕುವುದಿಲ್ಲ. ಟ್ರೌಟ್‌ಗೆ ಕಟ್ಟುವ, ಆರು ಪೌಂಡ್ ಎಳೆತ ತಡೆಯುವ ದಾರವನ್ನು ಪೈಕ್ ಹಲ್ಲು ಒಂದೇ ಏಟಿಗೆ ಕತ್ತರಿಸುತ್ತದೆ. ಪೈಕ್‌ಗೆ ಕಟ್ಟುವ ತಂತಿಯನ್ನು ಕಂಡರೆ ಟ್ರೌಟ್ ಹತ್ತಿರ ಸುಳಿಯುವುದಿಲ್ಲ. ಹಾಗಾಗಿ ಎರಡು ಕೋಲು ಒಯ್ಯಿರಿ.

ಮೊದಲು ನಿಯಮ. ಹದಿನಾರು ತುಂಬಿದವರಿಗೆ ಪರವಾನಗಿ ಬೇಕು. ಎರೆಹುಳು, ಹಿಟ್ಟಿನುಂಡೆ ಯಾವುದೂ ನಡೆಯುವುದಿಲ್ಲ. ಕೃತಕ ಫ್ಲೈ (ಕೊಕ್ಕೆಗೆ ಗರಿ, ನೂಲು ಸುತ್ತಿ ಮಾಡಿದ ಹುಸಿ ಹುಳು) ಮತ್ತು ಲ್ಯೂರ್ (ಲೋಹ, ಪ್ಲಾಸ್ಟಿಕ್‌ನ ಹುಸಿ ಆಹಾರ) ಮಾತ್ರ. ವಾಸನೆ ಬೆರೆಸಿದ ರಬ್ಬರ್ ಹುಳುವೂ ಕೃತಕದ ಲೆಕ್ಕಕ್ಕೆ ಬರುವುದಿಲ್ಲ, ಹೊಸಬರು ಎಡವುವುದು ಇಲ್ಲೇ. ಮನೆಗೆ ಒಯ್ಯಬಹುದಾದ ಟ್ರೌಟ್‌ಗೆ ಮಿತಿ ಬಹಳ ಬಿಗಿ; ಆ ವರ್ಷದ ನಿಯಮ ಪುಸ್ತಕ ನೋಡಿಕೊಂಡೇ ಹೊರಡಿ.

ಈಗ ಪೈಕ್. ಏಪ್ರಿಲ್ ಹೊತ್ತಿಗೆ ಮಂಜುಗಡ್ಡೆ ಒಡೆಯುತ್ತಿದ್ದಂತೆ ಇದು ಮೊಟ್ಟೆ ಇಡಲು ದಡದ ಜೊಂಡಿಗೆ ಬರುತ್ತದೆ. ಬಿಸಿಲಿಗೆ ಬೇಗ ಬೆಚ್ಚಗಾಗುವ, ಎರಡರಿಂದ ಆರು ಅಡಿ ಆಳದ ಮೂಲೆಗಳನ್ನು ಹುಡುಕಿ. ನಮ್ಮ ಕೆರೆಯ ಕೊರವ ಮೀನಿನ ಹಾಗೆ ಕಳೆಯೊಳಗೆ ಅಲುಗಾಡದೆ ನಿಂತು, ಹಾದುಹೋದದ್ದಕ್ಕೆ ಎರಗುವ ಜಾತಿ ಇದು. ಕೋಲಿಗೆ ಮೂವತ್ತು ಪೌಂಡಿನ ಹೆಣೆದ ದಾರ, ತುದಿಗೆ ಒಂದು ಅಡಿ ಸ್ಟೀಲ್ ತಂತಿ ಅಥವಾ ಅರವತ್ತು ಪೌಂಡಿನ ದಪ್ಪ ಫ್ಲೂರೋಕಾರ್ಬನ್ ಎಂಬ ಪ್ಲಾಸ್ಟಿಕ್ ದಾರ; ಈ ತುದಿ ತುಂಡೇ ಲೀಡರ್. ಅದರ ತುದಿಗೆ ಸ್ಪೂನ್ ಎಂಬ ಚಮಚದಾಕಾರದ ಲೋಹದ ಲ್ಯೂರ್ ಆಗಲಿ, ಐದಾರು ಇಂಚಿನ ದೊಡ್ಡ ಫ್ಲೈ ಆಗಲಿ, ಕಳೆಯ ಅಂಚಿಗೆ ಸಮಾನಾಂತರವಾಗಿ ಎಸೆಯಿರಿ. ಎಳೆಯಿರಿ, ನಿಲ್ಲಿಸಿ, ಮತ್ತೆ ಎಳೆಯಿರಿ. ಹೆಚ್ಚಿನ ಸಲ ಕಚ್ಚುವುದು ನಿಲ್ಲಿಸಿದಾಗಲೇ.

ಫ್ಲೈ ಕೋಲಾದರೆ, ಕಚ್ಚಿದಾಗ ಕೋಲನ್ನು ಮೇಲಕ್ಕೆತ್ತಬೇಡಿ. ಪೈಕ್ ಬಾಯಿ ಬರೀ ಎಲುಬು. ಎತ್ತಿದ ಬಲವೆಲ್ಲ ಕೋಲಿನ ಬಾಗಿನಲ್ಲೇ ಮುಗಿದು ಕೊಕ್ಕೆ ನಾಟುವುದಿಲ್ಲ. ಕೋಲಿನ ತುದಿ ಮೀನಿನತ್ತ ಇರಲಿ, ಕೈಯಿಂದ ದಾರವನ್ನು ನೇರವಾಗಿ ಜಗ್ಗಿ. ದೋಣಿ ಹತ್ತಿರ ಬಂದಾಗ ಸೋತಂತೆ ಸುಮ್ಮನೆ ಮಲಗುತ್ತದೆ, ನಂಬಬೇಡಿ. ಬಲೆ ಕಂಡ ಕ್ಷಣ ಮತ್ತೆ ಓಡುತ್ತದೆ; ದಾರ ಸುತ್ತುವ ರೀಲಿನ ಡ್ರ್ಯಾಗ್, ಅಂದರೆ ಬ್ರೇಕು, ಪೂರ್ತಿ ಬಿಗಿದಿದ್ದರೆ ಏನಾದರೊಂದು ಕಿತ್ತುಬರುವುದು ಖಂಡಿತ. ಕೊಕ್ಕೆ ಬಿಡಿಸಲು ಹತ್ತು ಇಂಚಿನ ಉದ್ದ ಇಕ್ಕಳವೇ ಬೇಕು, ಬೆರಳಲ್ಲ. ಕೊಕ್ಕೆಯ ಹಿಮ್ಮುಳ್ಳನ್ನು ಮನೆಯಲ್ಲೇ ಒತ್ತಿ ಚಪ್ಪಟೆ ಮಾಡಿಡಿ, ನಿಮ್ಮ ಕೈಗೆ ಚುಚ್ಚಿದಾಗಲೂ ಸಲೀಸಾಗಿ ಬರುತ್ತದೆ. ಪ್ರತಿ ಮೀನಿನ ನಂತರ ಲೀಡರ್ ಮೇಲೆ ಉಗುರು ಎಳೆದು ನೋಡಿ. ಗೀರು ತಗುಲಿದರೆ ಬದಲಾಯಿಸಿ.

ಟ್ರೌಟ್ ಪಾಠವೇ ಬೇರೆ. ಇಲ್ಲಿ ಬೇಕಾದದ್ದು ಬಲವಲ್ಲ, ಆಳದ ಲೆಕ್ಕ. ಕೆಸರಿನಿಂದ ಮೇಲೇಳುವ ಕೈರೊನಾಮಿಡ್ ಎಂಬ ಸೊಳ್ಳೆಯಂಥ ಕೀಟದ ಹುಳುಗಳೇ ಇಲ್ಲಿನ ಟ್ರೌಟ್‌ನ ಮುಖ್ಯ ಊಟ. ಅದನ್ನು ಹೋಲುವ ಸಣ್ಣ ಫ್ಲೈಯನ್ನು ಬೆಂಡಿನ ಕೆಳಗೆ ಕಟ್ಟಿ, ತಳದಿಂದ ಒಂದು ಅಡಿ ಮೇಲೆ ನಿಲ್ಲಿಸಬೇಕು. ಆ ಒಂದು ಅಡಿ ಹೇಗೆ ಗೊತ್ತಾಗುತ್ತದೆ? ಕೊಕ್ಕೆಗೆ ಕತ್ತರಿಯಾಕಾರದ ಚಿಕ್ಕ ಇಕ್ಕಳ ಕಚ್ಚಿಸಿ ನೀರಿಗೆ ಇಳಿಬಿಡಿ. ಅದು ತಳ ಮುಟ್ಟಿ ದಾರ ಸಡಿಲವಾಗುತ್ತದೆ. ಸಡಿಲ ಎಳೆದುಕೊಂಡು, ನೀರಿನ ಮಟ್ಟಕ್ಕಿಂತ ಒಂದು ಅಡಿ ಕೆಳಗೆ ದಾರದ ಮೇಲೆ ಬೆಂಡು ಸಿಕ್ಕಿಸಿ. ಇಕ್ಕಳ ತೆಗೆದಿಟ್ಟು ಗಾಳ ಎಸೆಯಿರಿ. ಆಮೇಲೆ ಸುಮ್ಮನಿರುವುದೇ ಕೆಲಸ, ಹೆಚ್ಚಿನವರಿಗೆ ಆಗದ ಕೆಲಸವೂ ಅದೇ. ದೋಣಿಗೆ ಮುಂದೆ ಹಿಂದೆ ಎರಡೂ ಕಡೆ ಲಂಗರು ಹಾಕಿ. ಒಂದೇ ಲಂಗರಾದರೆ ದೋಣಿ ಗಾಳಿಗೆ ತೂಗಿ ಫ್ಲೈಯನ್ನು ಎಳೆದಾಡುತ್ತದೆ, ಟ್ರೌಟ್ ಮುಟ್ಟುವುದಿಲ್ಲ. ಬೆಂಡು ಮುಳುಗಲೇಬೇಕೆಂದಿಲ್ಲ, ಓರೆಯಾದರೂ ಎತ್ತಿ.

ಬೇಸಿಗೆಯ ನಡುವಿಗೆ ಮೇಲ್ಮೈ ನೀರು ಇಪ್ಪತ್ತು ಡಿಗ್ರಿ ಸೆಲ್ಸಿಯಸ್ ಮುಟ್ಟಿತೆಂದರೆ ಟ್ರೌಟ್ ಆಳಕ್ಕೆ ಇಳಿಯುತ್ತದೆ. ಅಂಥ ದಿನ ಹಿಡಿದು ಬಿಟ್ಟ ಟ್ರೌಟ್ ಬದುಕುವ ಭರವಸೆ ಕಡಿಮೆ. ಬೆಳಗ್ಗೆಯೇ ಮುಗಿಸಿ.

ಮುಗಿಸಲು ಇನ್ನೊಂದು ಕಾರಣ ಗಾಳಿ. ಸಾಮಾನ್ಯವಾಗಿ ಪಶ್ಚಿಮದಿಂದ ಎದ್ದು ಕಟ್ಟೆಯತ್ತ ಬೀಸುತ್ತದೆ. ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಕಾಲಲ್ಲಿ ತುಳಿದು ಸಾಗುವವರು ಎದುರುಗಾಳಿಗೆ ಹಿಂದಿರುಗಲಾರರು. ಏಪ್ರಿಲ್ ನೀರಿಗೆ ಬಿದ್ದರೆ ಕೈಕಾಲು ಮರಗಟ್ಟಲು ಕೆಲವೇ ನಿಮಿಷ ಸಾಕು. ಲೈಫ್ ಜಾಕೆಟ್ ಮೈಮೇಲಿರಲಿ, ಸೀಟಿನ ಕೆಳಗಲ್ಲ. ಬೇಸಿಗೆಯ ಮಧ್ಯಾಹ್ನ ಸಿಡಿಲು ಬೇರೆ. ಮರವಿಲ್ಲದ ಬಯಲಿನಲ್ಲಿ ಗ್ರಾಫೈಟ್ ಕೋಲು ಎತ್ತಿ ನಿಂತವರೇ ಎತ್ತರದ ವಸ್ತು. ಗುಡುಗು ಕೇಳಿದೊಡನೆ ಕಾರಿನೊಳಗೆ ಹೋಗಿ.

ಇನ್ನು ಅಡುಗೆಮನೆ. ಟ್ರೌಟನ್ನು ನೀರಿಗೆ ಬಿಟ್ಟು ಪೈಕನ್ನು ಮನೆಗೆ ಒಯ್ಯುವುದೇ ಈ ಕೆರೆಗೆ ಒಳ್ಳೆಯದು. ತಿನ್ನಲು ರುಚಿ, ತೊಂದರೆಯೆಂದರೆ ಕವೆಗೋಲಿನ ಆಕಾರದ ಮುಳ್ಳಿನ ಸಾಲು. ಬೆನ್ನಿನ ರೆಕ್ಕೆ ಪೈಕ್‌ಗೆ ಬಾಲದ ಹತ್ತಿರ ಇರುತ್ತದೆ. ಅಲ್ಲಿಂದ ಹಿಂದಿನ ತುಂಡಿನಲ್ಲಿ ಈ ಮುಳ್ಳು ಬಹುತೇಕ ಇಲ್ಲ, ಅದನ್ನು ಮಕ್ಕಳಿಗೆ ಎತ್ತಿಡಿ. ಮುಂದಿನ ಭಾಗಕ್ಕೆ ಹರಿತ ಚಾಕುವಿನಿಂದ ಕಾಲಿಂಚಿಗೊಂದು ಗೀರು ಹಾಕಿ, ರವೆ ಹಚ್ಚಿ, ಚೆನ್ನಾಗಿ ಕಾದ ಎಣ್ಣೆಯಲ್ಲಿ ಕರಿಯಿರಿ. ತುಂಡಾದ ಸಣ್ಣ ಮುಳ್ಳು ಗರಿಗರಿಯಾಗಿ ಬೆಂದುಹೋಗುತ್ತದೆ. ಗೀರು ದೂರ ದೂರ ಬಿದ್ದರೆ ಮಾತ್ರ ಗಂಟಲಿಗೆ ಸಿಕ್ಕುತ್ತದೆ. ನಮಸ್ಕಾರ.